ಕಪ್ಪಿಗೆ ಮೂರೇ ಅಂಕ

ಸ್ಟೌಟ್ ಎಂಬ ಕಪ್ಪು ಬಿಯರನ್ನು ಮಂಜುಗಟ್ಟಿದ ಗ್ಲಾಸಿನಲ್ಲಿ ತಂದಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಹೋದ ತಿಂಗಳು ಬೆಂಗಳೂರಿನ ಒಂದು ಪಬ್ಬಿನಲ್ಲಿ ಆ ಸಿಟ್ಟು ಮತ್ತೆ ನೆತ್ತಿಗೇರಿತು. ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಸ್ಟೌಟ್, ಶೇ 7.8’ ಎಂದು ಬರೆದಿತ್ತು. ಅಷ್ಟು ಆಲ್ಕೋಹಾಲಿನ ಗಟ್ಟಿ ಸ್ಟೌಟ್ ನಮ್ಮ ಕಡೆ ಅಪರೂಪ. ಆಸೆಪಟ್ಟು ಹೇಳಿದೆ. ಬಂದದ್ದು ಫ್ರೀಜರಿನಿಂದ ಆಗಷ್ಟೇ ತೆಗೆದ ಗ್ಲಾಸು. ಹೊರಮೈಗೆಲ್ಲ ಬಿಳಿ ಹಿಮ, ಬಾಯಂಚಿಗೆ ಐಸಿನ ಪೊರೆ, ನೊರೆಯೊಳಗೂ ಸಣ್ಣ ಹರಳು. ಮೂಗಿಟ್ಟು ನೋಡಿದರೆ ಏನೆಂದರೆ ಏನೂ ಇಲ್ಲ. ಗ್ಲಾಸನ್ನು ಬದಿಗೆ ಸರಿಸಿ ಕೂತೆ. ಸ್ವಲ್ಪ ಹೊತ್ತಿಗೆ ಹುಡುಗ ಬಂದ.

“ಸರ್, ಚಿಲ್ ಹೊರಟೋಗ್ತಿದೆ. ಬೇರೆ ತಂದ್ಕೊಡ್ಲಾ?”

“ಬೇಡಪ್ಪ. ಅದು ಹೋಗ್ಲಿ ಅಂತಾನೇ ಕಾಯ್ತಾ ಇದೀನಿ.”

ಹುಡುಗನದೇನೂ ತಪ್ಪಿಲ್ಲ. ಹಾಗೆ ಕೊಡು ಎಂದು ಕಲಿಸಿದವರದು ತಪ್ಪು. ಬಾರ್ಲಿಯನ್ನು ಇನ್ನೂರು ಡಿಗ್ರಿ ದಾಟಿಸಿ, ಕರಕಲಾಗುವ ಒಂದು ಗಳಿಗೆ ಮುಂಚೆ ನೀರು ಚಿಮುಕಿಸಿ ಹುರಿ ನಿಲ್ಲಿಸುವವನು ಒಬ್ಬ. ಆ ಕಾಳಿನ ರಸ ಕುದಿಸಿ, ಹುಳಿಯಿಸಿ, ವಾರಗಟ್ಟಲೆ ಕಾದು ಇಳಿಸುವವನು ಇನ್ನೊಬ್ಬ. ಅವರಿಬ್ಬರ ದುಡಿಮೆಯನ್ನು ಒಂದು ಫ್ರೀಜರು ಐದು ನಿಮಿಷದಲ್ಲಿ ಹೂತುಹಾಕುತ್ತದೆ. ತಿಳಿ ಲಾಗರ್ ಬಿಯರನ್ನು ನಾಲ್ಕು ಡಿಗ್ರಿಯಲ್ಲಿ ಕುಡಿಯಿರಿ, ಬೇಡವೆಂದವರು ಯಾರು? ಸ್ಟೌಟಿಗೆ ಹನ್ನೆರಡು, ಹದಿಮೂರು ಡಿಗ್ರಿ ಬೇಕು. ಅದಕ್ಕಿಂತ ತಣ್ಣಗಿದ್ದರೆ ವಾಸನೆ ಮೇಲೇಳುವುದಿಲ್ಲ, ಸಿಹಿ ಮಂಕಾಗುತ್ತದೆ, ನಾಲಿಗೆ ಜೋಮು ಹಿಡಿಯುತ್ತದೆ. ಗ್ಯಾಸಿನ ಚುರುಕು ಮತ್ತು ಕಹಿ ಎರಡೇ ಉಳಿಯುತ್ತವೆ. ಆಮೇಲೆ “ಸ್ಟೌಟ್ ಅಂದ್ರೆ ಬರೀ ಕಹಿ” ಎಂದು ಜನ ಮುಖ ಸಿಂಡರಿಸುತ್ತಾರೆ.

ನಾನಿರುವುದು ಕೆಜಿಎಫ್‌ನ ನಂದಿದುರ್ಗದಲ್ಲಿ. ನಂದಿಬೆಟ್ಟಕ್ಕೂ ನಮಗೂ ಹೆಸರಿನ ನಂಟಷ್ಟೇ. ಜಾನ್ ಟೇಲರ್ ಕಂಪನಿಯ ಕಾಲದ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ದೊಡ್ಡ ಚಿನ್ನದ ಗಣಿಗಳಲ್ಲಿ ಒಂದರ ಹೆಸರು ನಮ್ಮ ಭಾಗಕ್ಕೆ ಅಂಟಿಕೊಂಡಿದೆ. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದ ಊರು; ಧನುರ್ಮಾಸದ ರಾತ್ರಿ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ಕಡೆಯಿಂದ ಬೀಸುವ ಗಾಳಿಗೆ ಸ್ವೆಟರ್ ಬೇಕೇ ಬೇಕು. ಆ ತಿಂಗಳಲ್ಲಿ ಸ್ಟೌಟಿಗೆ ಫ್ರಿಜ್ಜಿನ ಹಂಗೇ ಇಲ್ಲ. ಕ್ಯಾನನ್ನು ಸಂಜೆ ಕಿಟಕಿಯ ಬಳಿ ಇಟ್ಟು ಊಟ ಮುಗಿಸಿ ಬಂದರೆ ಹದವಾಗಿ ತಯಾರಿರುತ್ತದೆ.

ನನ್ನ ರುಚಿ ನೋಡುವ ಕ್ರಮ ಬಂದದ್ದು ಬಿಯರ್ ಪುಸ್ತಕಗಳಿಂದಲ್ಲ, ದೊಡ್ಡಪ್ಪನಿಂದ. ಅವರು ನಂದಿದುರ್ಗ ಗಣಿಯ ಅಸ್ಸೇ ಆಫೀಸಿನಲ್ಲಿದ್ದರು. ಅದಿರಿನಲ್ಲಿ ಚಿನ್ನ ಎಷ್ಟಿದೆ ಎಂದು ಹೇಳುವುದು ಅವರ ಕೆಲಸ. ಕುಟ್ಟಿ ಪುಡಿ ಮಾಡಿದ ಅದಿರನ್ನು ಶಂಕುವಾಗಿ ರಾಶಿ ಹಾಕಬೇಕು, ತಲೆ ತಟ್ಟಿ ಚಪ್ಪಟೆ ಮಾಡಬೇಕು, ನಾಲ್ಕು ಪಾಲು ಕೊಯ್ದು ಎದುರುಬದುರಿನ ಎರಡನ್ನು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಹಾಕಬೇಕು. ಮತ್ತೆ ರಾಶಿ, ಮತ್ತೆ ನಾಲ್ಕು ಪಾಲು. ಹೀಗೆ ಇಳಿಸುತ್ತ ಇಳಿಸುತ್ತ ಕೊನೆಗೆ ಉಳಿದ ಹಿಡಿಯಷ್ಟು ಪುಡಿಯಲ್ಲಿ ಇಡೀ ರಾಶಿಯ ಗುಣ ಇರುತ್ತದೆ. ಅದನ್ನು ಸೀಸದ ಜೊತೆ ಕರಗಿಸಿ, ಮೂಳೆಬೂದಿಯ ಬಟ್ಟಲಲ್ಲಿ ಕಾಯಿಸಿದರೆ ಸೀಸವನ್ನೆಲ್ಲ ಬಟ್ಟಲು ಹೀರಿಕೊಂಡು ಬೆಳ್ಳಿ ಬಂಗಾರದ ಮಣಿಯೊಂದು ಕೂತಿರುತ್ತದೆ. “ಕೈಗೆ ಸಿಕ್ಕಿದ ಮೊದಲನೇ ಕಲ್ಲು ನೋಡಿ ಗಣಿಗೆ ಬೆಲೆ ಕಟ್ಟಬಾರದು ಕಣೋ” ಎಂದು ದೊಡ್ಡಪ್ಪ ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನನಗೆ ಆ ಮಾತು ಉಳಿಯಿತು.

ಹಾಗಾಗಿ ನಾನು ಒಂದು ಕ್ಯಾನನ್ನು ಮೂರು ಸಲ ಬಗ್ಗಿಸುತ್ತೇನೆ. ಮೊದಲ ಪಾಲು ತುಸು ತಣ್ಣಗಿರುವಾಗ. ಆಗ ಗೊತ್ತಾಗುವುದು ಕಹಿ ಮತ್ತು ಒಗರು. ಕಹಿ ಇರಲಿ, ಬೇಕು. ಒಗರು ಕೆನ್ನೆಯ ಒಳಭಾಗಕ್ಕೆ ಹಿಡಿದುಕೊಂಡರೆ ಕಪ್ಪು ಕಾಳನ್ನು ಅತಿಯಾಗಿ ಹಿಂಡಿದ್ದಾರೆಂದು ಲೆಕ್ಕ. ಎರಡನೇ ಪಾಲನ್ನು ಅಂಗೈಗಳ ನಡುವೆ ಇಟ್ಟುಕೊಂಡು ಕೂರುತ್ತೇನೆ. ಆಗ ಏಳುತ್ತದೆ ನೋಡಿ: ಮೊದಲು ಹುರಿದ ಕಾಳು, ಅದರ ಹಿಂದೆಯೇ ಕಾಕಂಬಿ, ಆಮೇಲೆ ಒಣದ್ರಾಕ್ಷಿ, ಖರ್ಜೂರ. ಮೂರನೆಯದು ಕೋಣೆಯಷ್ಟೇ ಬೆಚ್ಚಗಾದದ್ದು. ದೋಷಗಳೆಲ್ಲ ಬಯಲಿಗೆ ಬರುವುದು ಅಲ್ಲಿ. ಬೆಣ್ಣೆಯ ಜಿಡ್ಡು ವಾಸನೆ ಬಂದರೆ ಯೀಸ್ಟು ತನ್ನ ಕೆಲಸ ಮುಗಿಸುವ ಮುಂಚೆ ಅವಸರ ಮಾಡಿದ್ದಾರೆ. ಸೋಯಾ ಸಾಸಿನ ವಾಸನೆ ಬಂದರೆ ಸತ್ತ ಯೀಸ್ಟಿನ ಮೇಲೆ ಬಹಳ ದಿನ ಕೂರಿಸಿದ್ದಾರೆ. ಗಂಟಲಲ್ಲಿ ಸ್ಪಿರಿಟ್ ಉರಿದರೆ ಹುಳಿಯುವಾಗ ಟ್ಯಾಂಕು ಕಾದಿದೆ. ಈ ಯಾವುದೂ ಇಲ್ಲದೆ, ಬೆಚ್ಚಗಾದಷ್ಟೂ ಚೆನ್ನಾಗುತ್ತ ಹೋದರೆ ಅದು ಸ್ಟೌಟು.

ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಮಿನ ಅಂಕಪಟ್ಟಿ ಈಗ ನಮ್ಮಲ್ಲೂ ಓಡಾಡುತ್ತದೆ. ಒಟ್ಟು 50 ಅಂಕ: ವಾಸನೆಗೆ 12, ರುಚಿಗೆ 20, ಬಾಯಿಗೆ ಹತ್ತುವ ಹದಕ್ಕೆ 5, ಒಟ್ಟಂದಕ್ಕೆ 10. ನೋಟಕ್ಕೆ 3. ನೋಟಕ್ಕೆ ಮೂರೇ ಮೂರು! ಈ ಪಟ್ಟಿ ಮಾಡಿದವರ ಕೈ ಹಿಡಿದು ಅಭಿನಂದಿಸಬೇಕು ಅನ್ನಿಸುತ್ತದೆ. ನಮ್ಮವರು ಸ್ಟೌಟ್ ಬಂದ ತಕ್ಷಣ ಮಾಡುವುದೇನು? ಫೋನ್ ತೆಗೆದು ಫೋಟೊ. “ಎಷ್ಟು ಕಪ್ಪು ನೋಡು, ಡಾಂಬರು!” ಅಲ್ಲಿಗೆ ತೀರ್ಪು ಮುಗಿಯಿತು. ಕಪ್ಪು ಇದ್ದದ್ದೆಲ್ಲ ಗಟ್ಟಿಯಲ್ಲ. ಒಂದಿಷ್ಟು ಕರಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಕಪ್ಪಗೆ ಹುರಿದ ಬಾರ್ಲಿ, ಹಾಕಿದರೆ ಎಂಥ ತೆಳು ಬಿಯರೂ ಕಪ್ಪಾಗುತ್ತದೆ. ಬಣ್ಣ ಬೇರೆ, ಬಲ ಬೇರೆ ಎಂದು ನಮ್ಮ ಪಕ್ಕದ ಬಂಗಾರಪೇಟೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿನ ಪಾನಿಪುರಿಯ ಪಾನಿ ನೋಡುವುದಕ್ಕೆ ತಿಳಿನೀರು. ಹೊರಗಿನವರು “ಇದೇನು, ಬರೀ ನೀರು ಹಾಕಿದ್ದೀರಲ್ಲ” ಎನ್ನುತ್ತ ಬಾಯಿಗಿಟ್ಟು, ಮರುಕ್ಷಣ ಕಣ್ಣಲ್ಲಿ ನೀರು ತುಂಬಿಕೊಂಡು ನಿಲ್ಲುತ್ತಾರೆ. ಹಸಿರೂ ಇಲ್ಲ, ಕೆಂಪೂ ಇಲ್ಲ, ಖಾರ ಪೂರ್ತಿ ಇದೆ. ಅದನ್ನು ತಿಂದು ಬೆಳೆದ ನಮ್ಮ ಕಡೆಯ ಹುಡುಗರೂ ಬೆಂಗಳೂರಿಗೆ ಹೋದ ಮೇಲೆ ಸ್ಟೌಟಿನ ಬಣ್ಣಕ್ಕೆ ಮರುಳಾಗುವುದು ನನಗೆ ಸಹಿಸದು.

ಇನ್ನು ಕಾಫಿಯ ವಿಷಯ. ಇದರ ಬಗ್ಗೆ ನಾನು ಮೆಲ್ಲಗೆ ಮಾತಾಡಲಾರೆ. ಕಾಫಿ ಸ್ಟೌಟ್, ವೆನಿಲ್ಲಾ ಸ್ಟೌಟ್, ಕೊಬ್ಬರಿ ಸ್ಟೌಟ್, ಚಾಕೊಲೇಟ್ ಬಿಸ್ಕತ್ತಿನ ಸ್ಟೌಟ್! ಸ್ಟೌಟಿನಲ್ಲಿ ಕಾಫಿಯ ಘಮ ಯಾಕಿದೆ? ಬಾರ್ಲಿಯನ್ನು ಕಾಫಿಬೀಜದ ಕ್ರಮದಲ್ಲೇ ಹುರಿದಿರುವುದರಿಂದ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬಾತ ಮಾಲ್ಟ್ ಹುರಿಯುವ ತಿರುಗುವ ಸಿಲಿಂಡರಿಗೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಬಿಯರಿಗೆ ಕಂದುಬಣ್ಣ ಬರಬೇಕಾದರೆ ಇಡೀ ಮಾಲ್ಟನ್ನೇ ಕಂದಿಸಬೇಕಿತ್ತು, ಅದರಲ್ಲಿ ಸಕ್ಕರೆ ಹಾಳಾಗುತ್ತಿತ್ತು. ವೀಲರನ ಯಂತ್ರ ಬಂದ ಮೇಲೆ ಬಹುಪಾಲು ತಿಳಿ ಮಾಲ್ಟ್, ಸ್ವಲ್ಪವೇ ಸ್ವಲ್ಪ ಕರಿ ಮಾಲ್ಟ್ ಸಾಕಾಯಿತು. ಇವತ್ತಿನ ಸ್ಟೌಟು ಹುಟ್ಟಿದ್ದೇ ಆ ಹುರಿಯಿಂದ. ಕಾಳಿನ ಸಕ್ಕರೆ ಮತ್ತು ಪ್ರೋಟೀನು ಬಿಸಿಯಲ್ಲಿ ಕೂಡಿದಾಗ ಕಾಫಿಯ ಘಮವೂ ಬರುತ್ತದೆ, ಕೋಕೋದ ಘಮವೂ ಬರುತ್ತದೆ. ಅದಷ್ಟೂ ಕಾಳಿನಲ್ಲೇ ಇರುವಾಗ ಮೇಲಿಂದ ಡಿಕಾಕ್ಷನ್ ಸುರಿಯುವುದು ಯಾಕೆ? ಹುರಿಯಲು ಬಾರದವರು, ಬಂದರೂ ಕಾಯಲು ಪುರಸೊತ್ತಿಲ್ಲದವರು ಮಾಡುವ ಕೆಲಸ ಇದು.

ಬಂಗಾರಪೇಟೆಯ ಗೆಳೆಯನೊಬ್ಬ ಈ ವಿಷಯದಲ್ಲಿ ನನ್ನೊಡನೆ ಜಗಳಕ್ಕೇ ಬೀಳುತ್ತಾನೆ. “ಅಣ್ಣಾ, ನೀವು ಏನೇ ಹೇಳಿ, ಕಾಫಿ ಹಾಕಿದ್ರೆ ತಾನೇ ಘಮ್ಮನ್ನೋದು?” ಎನ್ನುತ್ತಾನೆ. ಅವನ ಎದುರಿಗೆ ನಾನು ಮಾಡುವ ಪರೀಕ್ಷೆ ಒಂದೇ, ಖಾಲಿ ಗ್ಲಾಸು. ಕುಡಿದು ಮುಗಿಸಿದ ಗ್ಲಾಸನ್ನು ತೊಳೆಯಬೇಡಿ. ತಳದಲ್ಲಿ ಒಂದು ತೊಟ್ಟು, ಗೋಡೆಯ ಮೇಲೆ ನೊರೆಯ ಗೆರೆಗಳು ಉಳಿದಿರುತ್ತವೆ. ಹತ್ತು ಹದಿನೈದು ನಿಮಿಷ ಹಾಗೇ ಬಿಡಿ. ಅಷ್ಟರಲ್ಲಿ ಹಾರಿಹೋಗುವುದೆಲ್ಲ ಹಾರಿಹೋಗಿ, ಗಾಜಿಗೆ ಅಂಟಿದ್ದು ಮಾತ್ರ ಇರುತ್ತದೆ. ಈಗ ಮೂಗಿಡಿ. ಕಾಳಿನ ಹುರಿಯೇ ಆಗಿದ್ದರೆ ಸೀದ ಬೆಲ್ಲ, ಹುರಿಹಿಟ್ಟು, ಒಲೆಯ ಬೂದಿ, ಇಷ್ಟೂ ಒಂದರೊಳಗೊಂದು ಸೇರಿಕೊಂಡ ವಾಸನೆ ಬರುತ್ತದೆ. ಗ್ಲಾಸು ಇನ್ನೂ ಒಣಗಿದರೆ ಅದು ಇನ್ನೂ ಆಳಕ್ಕಿಳಿಯುತ್ತದೆ. ವೆನಿಲ್ಲಾ ಹಾಕಿದ್ದರೆ ವೆನಿಲ್ಲಾ ಒಂದೇ ನಿಂತಿರುತ್ತದೆ, ಸುತ್ತ ಏನೂ ಇಲ್ಲ. ಕಾಫಿ ಹಾಕಿದ್ದರೆ ನಿನ್ನೆಯ ಫಿಲ್ಟರಿನ ಗಸಿ. ನೊರೆಯ ಗೆರೆಗಳನ್ನೂ ನೋಡಿ. ಒಳ್ಳೆಯ ಸ್ಟೌಟು ಪ್ರತಿ ಗುಟುಕಿಗೂ ಒಂದೊಂದು ಕಂದು ಉಂಗುರ ಬಿಟ್ಟು ಹೋಗಿರುತ್ತದೆ. ಎಣ್ಣೆಯಂಶದ ಕೊಬ್ಬರಿ, ಚಾಕೊಲೇಟು ಸುರಿದದ್ದರಲ್ಲಿ ನೊರೆ ಕುಸಿದು ಗಾಜು ಬೋಳಾಗಿರುತ್ತದೆ. ಗೆಳೆಯ ಖಾಲಿ ಗ್ಲಾಸನ್ನು ಎರಡೆರಡು ಸಲ ಮೂಸಿ ಸುಮ್ಮನಾಗುತ್ತಾನೆ. ಮುಂದಿನ ಸಲ ಮತ್ತೆ ಕಾಫಿ ಸ್ಟೌಟನ್ನೇ ಹೇಳುತ್ತಾನೆ, ಆ ಮಾತು ಬೇರೆ.

“ಬಿಸಿಲ ನಾಡಿಗೆ ಸ್ಟೌಟ್ ಯಾಕೆ ಸ್ವಾಮಿ, ಅದು ಚಳಿದೇಶದ್ದು” ಎನ್ನುವವರಿಗೆ ಭೂಪಟ ತೋರಿಸಬೇಕು. ಐರ್ಲೆಂಡಿನ ಗಿನ್ನೆಸ್ ಕಂಪನಿ 1801ರಲ್ಲೇ ವೆಸ್ಟ್ ಇಂಡೀಸಿಗೆಂದು ಪೋರ್ಟರ್ ಎಂಬ ಗಟ್ಟಿ ಕಪ್ಪು ಬಿಯರ್ ಬೇಯಿಸಿತು. ಇವತ್ತಿನ ಫಾರಿನ್ ಎಕ್ಸ್‌ಟ್ರಾ ಸ್ಟೌಟಿನ ಮೂಲ ಅದು. 1960ರ ದಶಕದ ಆರಂಭದಲ್ಲಿ ಆ ಕಂಪನಿ ನೈಜೀರಿಯಾದಲ್ಲೇ ಕಾರ್ಖಾನೆ ತೆರೆಯಿತು. ಜಮೈಕಾದವರು ಕುಡಿಯುತ್ತಾರೆ, ಮಲೇಷ್ಯಾದವರು ಕುಡಿಯುತ್ತಾರೆ. ಪಕ್ಕದ ಶ್ರೀಲಂಕಾದ ಲಯನ್ ಸ್ಟೌಟು ಶೇ 8.8, ಬ್ರಿಟನ್ನಿನ ಬಿಯರ್ ಬರಹಗಾರ ಮೈಕೆಲ್ ಜಾಕ್ಸನ್ ಅದನ್ನು ಮನಸಾರೆ ಹೊಗಳಿದ್ದರು. ನಮ್ಮಲ್ಲೂ ಬಿಯರಿನ ಚರಿತ್ರೆ ಚಿಕ್ಕದಲ್ಲ. ಥಾಮಸ್ ಲೀಶ್‌ಮನ್ ಎಂಬ ಸ್ಕಾಟಿಷ್ ಮನುಷ್ಯ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದಂಡಿನ ಸೋಲ್ಜರುಗಳಿಗೆ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನಗಾಡಿಯ ಮೇಲೆ ಬಿಯರ್ ಹೋಗುತ್ತಿತ್ತು. ಎತ್ತಿನಗಾಡಿಯಲ್ಲಿ ಐಸ್ ಎಲ್ಲಿಂದ ಬರಬೇಕು?

ಸ್ಟ್ರಾಂಗ್ ಎಂದರೇನು ಎನ್ನುವುದರಲ್ಲೂ ನಮ್ಮಲ್ಲಿ ಗೊಂದಲವಿದೆ. ವೈನ್‌ಶಾಪಿನ ಸ್ಟ್ರಾಂಗ್ ಬಿಯರ್ ಎಂದರೆ ಅಗ್ಗದ ಸಕ್ಕರೆ ಅಥವಾ ಅಕ್ಕಿಯಿಂದ ಅಮಲು ಏರಿಸಿದ ಲಾಗರ್. ಒಳಗೆ ಕಾಳಿನ ಬಲವಿಲ್ಲ. ದೇಶದ ಆಹಾರ ಮಾನದಂಡ ಬಿಯರಿಗೆ ಶೇ 8ರ ಗಡಿ ಹಾಕಿದೆ. ಹಾಗಾಗಿ ರಷ್ಯಾದ ಅರಮನೆಗೆ ಹೋಗುತ್ತಿದ್ದ ಇಂಪೀರಿಯಲ್ ಸ್ಟೌಟ್, ಅಂದರೆ ಶೇ 8ರಿಂದ 12ರದು, ಇಲ್ಲಿ ಮಾಡುವಂತಿಲ್ಲ. ಅದಕ್ಕಾಗಿ ನಾನು ಅಳುವುದಿಲ್ಲ. ಫಾರಿನ್ ಎಕ್ಸ್‌ಟ್ರಾ ಬಗೆಯ ಅಳತೆ ಸುಮಾರು ಶೇ 6.3ರಿಂದ 8, ಬಿಸಿಲ ನಾಡಿನ ಸ್ಟೌಟು ನಮ್ಮ ಕಾನೂನಿನ ಒಳಗೇ ನೆಟ್ಟಗೆ ಕೂರುತ್ತದೆ. ಮಾಡುವವರು ಬೇಕಷ್ಟೆ.

ಮಾಡುವುದಾದರೆ ಕೋಲಾರದ ರಾಗಿ ಇಟ್ಟುಕೊಂಡು ಮಾಡಲಿ. ನೈಜೀರಿಯಾ 1980ರ ದಶಕದ ಕೊನೆಯಲ್ಲಿ ಬಾರ್ಲಿ ಆಮದು ನಿಲ್ಲಿಸಿದಾಗ ಅಲ್ಲಿಯವರು ಜೋಳದಿಂದ ಸ್ಟೌಟ್ ಇಳಿಸಿದರು, ಜನ ಕುಡಿದರು. ಸಿಕ್ಕಿಮಿನ ತೋಂಗ್ಬಾ ಎಂಬ ಮದ್ಯ ರಾಗಿಯದು, ಉಗಾಂಡಾದ ಹಳ್ಳಿ ಬಿಯರೂ ರಾಗಿಯದು. ಬೆಂಗಳೂರಿನಲ್ಲಿ ನಾನು ಕುಡಿದ ರಾಗಿ ಬಿಯರುಗಳು ತೆಳ್ಳಗೆ, ಹೊಂಬಣ್ಣಕ್ಕೆ ಇದ್ದವು. ರಾಗಿಯ ನಿಜವಾದ ಬಲ ಹುರಿಯಲ್ಲಿದೆ ಎಂದು ಅವರಿಗೆ ಹೊಳೆದೇ ಇಲ್ಲ. ನಮ್ಮ ಕಡೆಯ ಹೆಂಗಸರು ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬಾಣಲೆಯಲ್ಲಿ ಹದಕ್ಕೆ ಹುರಿದು ಮಗುವಿಗೆ ಮಾಲ್ಟ್ ಮಾಡುತ್ತಾರೆ. ಜಗತ್ತಿನ ಎಲ್ಲ ಬ್ರೂವರಿಗಳಿಗೆ ಮಾಲ್ಟ್ ಮಾಡಿಕೊಡುವವರು ಮಾಡುವುದೂ ಇದನ್ನೇ. ಕಾಳು ಚಿಟಗುಟ್ಟುವ ಸದ್ದು ಬದಲಾದದ್ದು ಕೇಳಿ ಬಾಣಲೆ ಇಳಿಸುವ ಕೈ ಇರುವ ಜಿಲ್ಲೆಯಲ್ಲಿ, ಬ್ರೂವರಿಗಳು ಹುರಿದ ಮಾಲ್ಟಿನ ಮೂಟೆಗಳನ್ನು ಯುರೋಪಿನಿಂದ ತರಿಸುವುದೆಂದರೆ ನನ್ನ ಹೊಟ್ಟೆ ಉರಿಯುತ್ತದೆ.

ತೊಡಕಿಲ್ಲವೆಂದಲ್ಲ. ರಾಗಿಗೆ ಬಾರ್ಲಿಯ ಹೊಟ್ಟಿಲ್ಲ. ಬರೀ ರಾಗಿ ಹಾಕಿದರೆ ಗಂಜಿ ಗಟ್ಟಿಯಾಗಿ ತಳದಲ್ಲಿ ಕಚ್ಚಿಕೊಂಡು ರಸ ಇಳಿಯದು. ಹಾಗಾಗಿ ಬಹುಪಾಲು ಬಾರ್ಲಿಯೇ ಇರಲಿ, ಕಪ್ಪಿಗೆ ಮತ್ತು ಘಮಕ್ಕೆ ರಾಗಿ ಬರಲಿ. ರಾಗಿಯ ಸಿಪ್ಪೆಯಲ್ಲಿ ಒಗರಿದೆ, ಅದನ್ನು ಕುದಿಯುವ ರಸಕ್ಕೆ ಹಾಕಬಾರದು. ಹುರಿದ ರಾಗಿಯನ್ನು ಹಿಂದಿನ ರಾತ್ರಿಯೇ ತಣ್ಣೀರಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಆ ಕಪ್ಪು ನೀರನ್ನು ಕುದಿ ಮುಗಿಯುವ ಹೊತ್ತಿಗೆ ಸೇರಿಸಬೇಕು. ಘಮ ಬರುತ್ತದೆ, ಒಗರು ಬರುವುದಿಲ್ಲ. ನೀರಿನ ಚಿಂತೆ ಬೇಡ. ನಮ್ಮ ಬೋರ್‌ವೆಲ್ಲುಗಳ ಗಡಸು ನೀರು ತಿಳಿ ಬಿಯರಿಗೆ ಶತ್ರುವಾದರೂ, ಹುರಿದ ಕಾಳಿನ ಹುಳಿ ಅದನ್ನು ಹದಕ್ಕೆ ತರುತ್ತದೆ.  ಬೆಂಗಳೂರಿನ ಯಾವ ಬ್ರೂವರಿಯವರೇ ಆಗಲಿ ಇದಕ್ಕೆ ಕೈ ಹಾಕುವುದಾದರೆ ರಾಗಿ ನಾನು ಬಂಗಾರಪೇಟೆಯಿಂದ ಹೊರಿಸಿಕೊಂಡು ಬರುತ್ತೇನೆ, ಹುರಿಯುವವರನ್ನೂ ಜೊತೆಗೇ ಕರೆತರುತ್ತೇನೆ. ಕಾಫಿಪುಡಿಯ ಡಬ್ಬ ಮಾತ್ರ ಅವತ್ತು ಆ ಕಟ್ಟಡದಲ್ಲೇ ಇರಕೂಡದು.