ಓದು ಬಾರದವರೂ ಗುರುಗಳೇ

ನಮ್ಮ ಮನೆಮಾತು ದಖ್ಖನಿ ಉರ್ದು. ‘ಬೇಡ’ ಎನ್ನಲು ‘ನಕ್ಕೊ’ ಎನ್ನುತ್ತೇವೆ. ನನ್ನ ಮೊಬೈಲಿಗೆ ಅದು ತಿಳಿಯುವುದಿಲ್ಲ. ಸಿರುಗುಪ್ಪದ ನಾನಿಗೆ ಓದು ಬರಹ ಬಾರದು. ಭತ್ತದ ವ್ಯವಹಾರವನ್ನು ಮಾತ್ರ ಕನ್ನಡದಲ್ಲೇ ಮುಗಿಸುತ್ತಾರೆ. ಇಂಥವರ ಮಾತು ಯಂತ್ರಕ್ಕೆ ತಲುಪುವುದು ಹೇಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್, ಗೂಗಲ್ ನೆರವಿನಿಂದ ‘ವಾಣಿ’ ಯೋಜನೆ ನಡೆಸುತ್ತಿವೆ. ದೇಶದ 773 ಜಿಲ್ಲೆಗಳ ಮಾತನ್ನು ಸಂಗ್ರಹಿಸುವುದು ಅದರ ಗುರಿ. ಅಲ್ಲಿ ವಾಕ್ಯ ಕೊಟ್ಟು ಓದಿಸುವುದಿಲ್ಲ. ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿಸುತ್ತಾರೆ. ಅಂದರೆ ಅಕ್ಷರ ಬಾರದವರೂ ಯಂತ್ರಕ್ಕೆ ಪಾಠ ಹೇಳಬಹುದು.

ಪುಸ್ತಕದಲ್ಲಿ ಬರೆಯದ ವ್ಯವಹಾರ ಲೆಕ್ಕಕ್ಕೆ ಸಿಗದು ಎಂದು ಕಾಮರ್ಸ್‌ನವರಾದ ನಾವು ಬಲ್ಲೆವು. ಮಾತೂ ಹಾಗೆಯೇ. ಬಳ್ಳಾರಿ, ಕುರುಗೋಡಿನ ಗೆಳೆಯರೇ, ಇಂಥ ಅವಕಾಶ ಬಂದರೆ ಮನೆಯ ಹಿರಿಯರನ್ನೇ ಮೊದಲು ಮಾತಾಡಿಸೋಣ. ನಾಳೆ ಬ್ಯಾಂಕು, ಆಸ್ಪತ್ರೆಗಳಲ್ಲಿ ಯಂತ್ರಕ್ಕೆ ಅರ್ಥವಾಗಲೆಂದು ಯಾರೂ ತಮ್ಮ ಮಾತು ಬದಲಿಸಬೇಕಾಗಬಾರದು.