ಸಮುದ್ರ ಸೇರದ ನದಿಯ ಸೀಮೆ

ಲಾಂಗ್ ವೀಕೆಂಡ್‌ಗೆ ಆಫೀಸಿನವರೆಲ್ಲ ಬೀಚ್ ಕಡೆ ಹೊರಟರು. ನಾನು ಮೆಲ್ಬರ್ನ್‌ನಿಂದ ಸುಮಾರು 300 ಕಿ.ಮೀ. ವಾಯವ್ಯಕ್ಕಿರುವ ವಿಮ್ಮೆರಾ ಸೀಮೆಗೆ ಹೋದೆ. ಗದಗಿನವನಿಗೆ ಬಯಲೇನು ಹೊಸದಾ? ಆದರೂ ಬಿರುಕುಬಿಟ್ಟ ಮಣ್ಣು ಕಂಡಾಗ ಕಾರು ನಿಲ್ಲಿಸಿದೆ. ನಮ್ಮ ಎರೆ ಹೊಲದ ದಾಯಾದಿ!

ಒಂದು ಕಡೆ ಅರಾಪೈಲ್ಸ್ ಬಂಡೆಗುಡ್ಡ, ಉಳಿದದ್ದೆಲ್ಲ ಗೋಧಿ, ಮಸೂರ. ವಿಮ್ಮೆರಾ ನದಿ ಸಮುದ್ರ ಸೇರೋದೇ ಇಲ್ಲ. ಉತ್ತರಕ್ಕೆ ಹರಿದು ಹಿಂಡ್‌ಮಾರ್ಷ್ ಕೆರೆ ಸೇರುತ್ತೆ. ಆ ಕೆರೆಯೂ ಎಷ್ಟೋ ವರ್ಷ ಒಣಗಿರುತ್ತೆ. ತೆರೆದ ಕಾಲುವೆಯಲ್ಲಿ ನೀರು ಇಂಗಿ, ಆವಿಯಾಗಿ ಹೋಗುತ್ತಿತ್ತು ಅಂತ 2010ರಲ್ಲಿ ಪೈಪ್‌ಲೈನ್ ಮುಗಿಸಿದರು. ಅದು ಮನೆಗೆ, ಕುರಿಗೆ. ಬೆಳೆಗೆ ಮಳೆಯೇ ಗತಿ.

ಬ್ರಿಮ್ ಎಂಬ ಪುಟ್ಟ ಊರಿನ ಸೈಲೋ ಮೇಲೆ ನಾಲ್ವರು ರೈತರ ದೈತ್ಯ ಚಿತ್ರವಿದೆ. ಅದರ ಕೆಳಗೆ ಸಿಕ್ಕ ಮುದುಕರೊಬ್ಬರು, "ಇಂಡಿಯಾನಾ? 2017ರಲ್ಲಿ ನೀವು ಶೇ 30 ಸುಂಕ ಹಾಕಿದ್ರಲ್ಲ, ನನ್ನ ಮಸೂರ ಶೆಡ್‌ನಲ್ಲೇ ಕೂತಿತ್ತು" ಅಂದರು. ಸಿಟ್ಟಿನಿಂದೇನಲ್ಲ.

ಕಡಲೆಗೂ ಅದೇ ಸುಂಕ. ಅವತ್ತು ಅಪ್ಪ ಫೋನಲ್ಲಿ, "ಈ ಸಲನರ ರೇಟ್ ಬರಬೌದು ನೋಡಪಾ" ಅಂದಿದ್ದರು. ರೇಟ್ ಬರಲಿಲ್ಲ. ಅದನ್ನು ಆ ಮುದುಕರಿಗೆ ಹೇಳೋಕೆ ನಾಲಿಗೆ ಏಳಲಿಲ್ಲ.

ರಾತ್ರಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅವರದೂ ಮಳಿ ನಂಬಿದ ಒಕ್ಕಲುತನಾನ?"

ಹೂಂ ಅಂದೆ.