ಪೆಟ್ರೋಲೇ ಬದಲಾಗಿದೆ ಅಂದಿದ್ರು ತಾತ

1/4

ಮೊದಲನೇ ಫೋಟೋದಲ್ಲಿರೋದು ನಮ್ಮ ತಾತನ ಮಾರುತಿ 800. 1997ರ ಮಾಡೆಲ್, ಕೆಎ-04, ಕಾರ್ಬ್ಯುರೇಟರ್ ಗಾಡಿ. ಸ್ವೈಪ್ ಮಾಡಿ ಎರಡನೇದು ನೋಡಿ. ಡ್ಯಾಶ್‌ಬೋರ್ಡ್ ಮೇಲೆ ಟೇಪ್ ಸುತ್ತಿ ಅಂಟಿಸಿರೋ ಆ ದುಂಡು ಮೀಟರ್ ನಮ್ಮದಲ್ಲ. ಯಶವಂತಪುರದಲ್ಲಿರೋ ಫ್ರೆಂಡ್ ಹತ್ರ ಎರಡು ವಾರಕ್ಕೆ ಅಂತ ಇಸ್ಕೊಂಡು ಬಂದಿದ್ದು. ಹೊಸದು ತಗೊಳ್ಳೋ ಅಷ್ಟು ದುಡ್ಡು ನನ್ನ ಹತ್ರ ಇಲ್ಲ, ಇದ್ರೂ ಅಪ್ಪ ಬಿಡಲ್ಲ.

ಕಥೆ ಶುರುವಾಗಿದ್ದು ಹೆಬ್ಬಾಳ ಫ್ಲೈಓವರ್ ಮೇಲೆ. ತಾತ ಅಜ್ಜೀನ ಆರ್.ಟಿ. ನಗರಕ್ಕೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾ ಇದ್ರು. ಏರಲ್ಲಿ ಗಾಡಿ ಎಳೀಲಿಲ್ಲ. ಟಕ ಟಕ ಅಂತ ನಾಕಿಂಗ್ ಸೌಂಡ್, ಟೆಂಪರೇಚರ್ ಮುಳ್ಳು ಮೇಲೆ, ಆಮೇಲೆ ನಿಂತೇ ಹೋಯ್ತು. ಹಿಂದೆ ಹಾರ್ನ್ ಮೇಲೆ ಹಾರ್ನ್. ಯಾರೋ ಇಬ್ಬರು ಡೆಲಿವರಿ ಹುಡುಗರು ಇಳಿದು ತಳ್ಳಿಕೊಟ್ರಂತೆ. (ಅಣ್ಣಂದಿರಾ, ಇದನ್ನ ಓದ್ತಾ ಇದ್ರೆ ತುಂಬಾ ಥ್ಯಾಂಕ್ಸ್.)

ಅವತ್ತು ರಾತ್ರಿ ಅಪ್ಪ, "ಸಾಕು, ಇನ್ನು ಗುಜರಿಗೆ ಹಾಕೋಣ" ಅಂದ್ರು. ಮನೆ ಹತ್ರದ ಒಂದು ಶೆಡ್‌ನವರು ನೋಡಿ, ಇಂಜಿನ್ ಬಿಚ್ಚಿ ಬೋರ್ ಮಾಡಿಸ್ಬೇಕು ಅಂದಿದ್ರು. ತಾತ ಹೇಳಿದ್ದು ಒಂದೇ ಮಾತು: "ಇಂಜಿನ್ ಸರಿಯಾಗೇ ಇದೆ ಕಣೋ, ಪೆಟ್ರೋಲೇ ಬದಲಾಗಿದೆ."

ಎಲ್ರೂ ನಕ್ಕರು. ನಾನೂ ನಕ್ಕೆ. ತಾತ ಎದ್ದು ಹೋಗಿ ಕೀ ಮೊಳೆಗೆ ಹಾಕಿದ್ರು. ಒಂದು ತಿಂಗಳು ಅದನ್ನ ಮುಟ್ಟಲಿಲ್ಲ.

2/4

ಈಗ ವಿಷಯಕ್ಕೆ ಬರ್ತೀನಿ. ಬಿ.ಕಾಂ. ಹುಡುಗ ಕೆಮಿಸ್ಟ್ರಿ ಹೇಳ್ತಾನಲ್ಲ ಅಂತ ಬೈಬೇಡಿ, ಲೆಕ್ಕ ಅಷ್ಟೇ ಇದು.

ಒಂದು ಕೆ.ಜಿ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಎಥೆನಾಲ್‌ಗೆ ಬರೀ 9 ಕೆ.ಜಿ. ಸಾಕು, ಯಾಕಂದ್ರೆ ಅದರೊಳಗೇ ಆಕ್ಸಿಜನ್ ಇದೆ. 2023ರ ಫೆಬ್ರವರಿ 6ರಂದು, ತುಮಕೂರು ರಸ್ತೆ ಮಾದಾವರದ ಬಿಐಇಸಿಯಲ್ಲಿ ಇಂಡಿಯಾ ಎನರ್ಜಿ ವೀಕ್ ನಡೀತಲ್ಲ, ಅಲ್ಲೇ ಪ್ರಧಾನಿ ಇ20 ಪೆಟ್ರೋಲ್‌ಗೆ ಚಾಲನೆ ಕೊಟ್ಟಿದ್ದು. ಮೊದಲು 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕ್. ಈಗ ಯಾವ ಬಂಕ್‌ಗೆ ಹೋದ್ರೂ ಸಾಮಾನ್ಯವಾಗಿ ಅದೇ. 20% ಎಥೆನಾಲ್ ಸೇರಿದಾಗ 14.7 ಇದ್ದದ್ದು ಸುಮಾರು 13.5ಕ್ಕೆ ಇಳಿಯುತ್ತೆ.

ನಿಮ್ಮ ಹೊಸ ಕಾರಲ್ಲಿ ಸೈಲೆನ್ಸರ್ ಪೈಪಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತೆ. ಅದು ಹೊಗೆ ನೋಡಿ ಇಸಿಯುಗೆ ಹೇಳುತ್ತೆ, ಇಸಿಯು ಪೆಟ್ರೋಲ್ ಜಾಸ್ತಿ ಬಿಟ್ಟು ಸರಿ ಮಾಡ್ಕೊಳುತ್ತೆ. ತಾತನ ಗಾಡೀಲಿ ಹೇಳೋರೂ ಇಲ್ಲ, ಕೇಳೋರೂ ಇಲ್ಲ. ಕಾರ್ಬ್ಯುರೇಟರ್ ಒಳಗೆ ಜೆಟ್ ಅಂತ ಒಂದು ಹಿತ್ತಾಳೆ ತೂತು, 1997ರಲ್ಲಿ ಎಷ್ಟಿತ್ತೋ ಇವತ್ತೂ ಅಷ್ಟೇ. ಪೆಟ್ರೋಲ್ ಬದಲಾದ್ರೆ ಮಿಶ್ರಣ ಲೀನ್ ಆಗುತ್ತೆ, ಅಂದ್ರೆ ಗಾಳಿ ಜಾಸ್ತಿ ಇಂಧನ ಕಮ್ಮಿ. ಏರಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಲೀನ್ ಆದ್ರೆ ಪಿಕಪ್ ಹೋಗುತ್ತೆ, ಬಿಸಿ ಏರುತ್ತೆ, ನಾಕಿಂಗ್ ಬರುತ್ತೆ. ಹಾಗೇ ಓಡಿಸ್ತಾ ಇದ್ರೆ ಪಿಸ್ಟನ್ನೇ ತೂತಾಗಬಹುದು.

ಹಂಗಾದ್ರೆ ತಾತ ಹೇಳಿದ್ದು? ಊಹೆ ಮಾಡೋದು ಬೇರೆ, ತೋರಿಸೋದು ಬೇರೆ. ಅದಕ್ಕೇ ವೈಡ್‌ಬ್ಯಾಂಡ್ ಸೆನ್ಸರ್.

3/4

ಮಾಮೂಲಿ ಸೆನ್ಸರ್ ಇದೆಯಲ್ಲ, ಬಾಷ್‌ನವರು 1976ರಲ್ಲಿ ಮೊದಲು ವೋಲ್ವೋ ಕಾರಿಗೆ ಹಾಕಿದ್ದು (ನಮ್ಮ ಆಡುಗೋಡಿ ಬಾಷ್‌ನ ಕಂಪನಿಯೇ. ತಾತನ ಬಾಯಲ್ಲಿ ಅದು ಇನ್ನೂ ಮೈಕೋ), ಅದಕ್ಕೆ ಗೊತ್ತಿರೋದು ಎರಡೇ ಉತ್ತರ. ರಿಚ್ ಇದ್ರೆ 0.9 ವೋಲ್ಟ್ ಹತ್ರ, ಲೀನ್ ಇದ್ರೆ 0.1 ಹತ್ರ. ಎಷ್ಟು ಲೀನ್ ಅಂತ ಕೇಳಿದ್ರೆ ಸುಮ್ನೆ ಇರುತ್ತೆ. ವೈಡ್‌ಬ್ಯಾಂಡ್‌ನ ಒಳಗೆ ಒಂದು ಪುಟ್ಟ ಕೋಣೆ ಇದೆ. ಅದರೊಳಗೆ ಆಕ್ಸಿಜನ್‌ನ ತಳ್ಳುತ್ತೆ ಇಲ್ಲಾ ಹೊರಗೆ ಎಳೆಯುತ್ತೆ, ಆ ಕೋಣೆ ಯಾವಾಗಲೂ ಸಮ ಇರೋ ಹಾಗೆ. ಹಾಗೆ ಮಾಡೋಕೆ ಎಷ್ಟು ಕರೆಂಟ್ ಬೇಕಾಯ್ತು ಅನ್ನೋದೇ ಉತ್ತರ. ಆ ಕರೆಂಟ್‌ನಿಂದ ಲೆಕ್ಕ ಹಾಕಿ ಬರೋ ಸಂಖ್ಯೆ ಹೆಸರು ಲ್ಯಾಂಬ್ಡಾ. 1 ಬಂದ್ರೆ ಸಮ, 1ಕ್ಕಿಂತ ಜಾಸ್ತಿ ಲೀನ್, ಕಮ್ಮಿ ರಿಚ್.

ಇಲ್ಲಿ ಎಲ್ರೂ ಎಡವೋ ಜಾಗ ಒಂದಿದೆ. ಮೀಟರ್ ಪೆಟ್ರೋಲ್ ಸ್ಕೇಲಲ್ಲಿದ್ರೆ, ಟ್ಯಾಂಕಲ್ಲಿ ಇ20 ಇದ್ರೂ ಲ್ಯಾಂಬ್ಡಾ 1ಕ್ಕೆ ಅದು 14.7 ಅಂತಲೇ ತೋರಿಸುತ್ತೆ. ನಿಜವಾದ ಅನುಪಾತ 13.5 ಇರುತ್ತೆ. ಹಾಗಾಗಿ ಲ್ಯಾಂಬ್ಡಾ ಮೋಡ್‌ಗೆ ಹಾಕ್ಕೊಂಡು ನೋಡಿ.

ಮ್ಯಾನಿಫೋಲ್ಡ್ ಕೆಳಗಿನ ಪೈಪಿಗೆ ದಪ್ಪ ನಟ್ ತರದ್ದು ಒಂದನ್ನ ವೆಲ್ಡ್ ಮಾಡಿಸಿ, ಸೆನ್ಸರ್‌ನ ಸ್ವಲ್ಪ ಓರೆಯಾಗಿ ಮೇಲ್ಗಡೆಯಿಂದ ಕೂರಿಸಿದ್ವಿ. ನೇರ ಅಡ್ಡಕ್ಕೆ ಹಾಕಿದ್ರೆ ಪೈಪಲ್ಲಿನ ನೀರು ಸೇರಿ ಒಳಗಿನ ಸೆರಾಮಿಕ್ ಸೀಳುತ್ತೆ. ಸ್ಟಾರ್ಟ್ ಮಾಡಿದೆ. ಐಡ್ಲಿಂಗ್‌ನಲ್ಲೇ 1.25! ನಾನು ಫುಲ್ ಖುಷಿ, ಸಿಕ್ಕೇಬಿಡ್ತು ಅಂತ. ತಾತ ಬಾನೆಟ್ ಹತ್ರ ಕಿವಿ ಇಟ್ಟು, "ಲೋ, ಗ್ಯಾಸ್ಕೆಟ್ ಹತ್ರ ಗಾಳಿ ಹೊಡೀತಿದೆ, ಕೇಳಿಸ್ತಿಲ್ವಾ?" ಅಂದ್ರು. ನಿಜವಾಗ್ಲೂ ನಂಗೆ ಏನೂ ಕೇಳಿಸಲಿಲ್ಲ. ಬಿಚ್ಚಿ ನೋಡಿದ್ರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಂದು ಕಡೆ ಸುಟ್ಟಿತ್ತು. ಅಲ್ಲಿಂದ ಹೊರಗಿನ ಗಾಳಿ ಎಳ್ಕೊಂಡ್ರೆ ಸೆನ್ಸರ್ ಅದನ್ನೂ ಲೀನ್ ಅಂತಲೇ ಓದುತ್ತೆ. ಗ್ಯಾಸ್ಕೆಟ್ ಹಾಕಿದ ಮೇಲೆ ಐಡ್ಲಿಂಗ್ ಮಾಮೂಲಿಗೆ ಬಂತು. ಯಲಹಂಕ ವೀಲ್ ಅಂಡ್ ಆಕ್ಸಲ್‌ನಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ಕಿವಿ ಅದು, ಮೀಟರ್‌ಗಿಂತ ಮುಂಚೆ ಹೇಳ್ತು.

ಮಾರನೇ ದಿನ ಬೆಳಿಗ್ಗೆ 5:30ಕ್ಕೆ ದೊಡ್ಡಬಳ್ಳಾಪುರ ರಸ್ತೆ. ತಾತ ಸ್ಟೀರಿಂಗ್‌ನಲ್ಲಿ, ನಾನು ಪಕ್ಕದಲ್ಲಿ ಫೋನ್ ಹಿಡ್ಕೊಂಡು ಮೀಟರ್ ವಿಡಿಯೋ ಮಾಡ್ತಾ. (ಓಡಿಸೋರೇ ಮೀಟರ್ ನೋಡ್ಬೇಡಿ, ಪ್ಲೀಸ್.) 50ರಲ್ಲಿ ಸುಮ್ನೆ ಹೋಗ್ತಿದ್ರೆ 1.10. ಏರಲ್ಲಿ ಪೂರ್ತಿ ಒತ್ತಿದಾಗ 0.98. ಅಲ್ಲಿ 0.85ರಿಂದ 0.90ರ ಒಳಗೆ ಇರ್ಬೇಕಿತ್ತು.

ನಾನು ನಂಬರ್ ಓದಿ ಹೇಳಿದೆ. ತಾತ ಗೇರ್ ಬದಲಾಯಿಸಿ, "ಹೂಂ" ಅಂದ್ರು ಅಷ್ಟೇ. ನಂಗೆ ಆ ರಾತ್ರಿ ನಕ್ಕಿದ್ದು ನೆನಪಾಗಿ ಮುಖ ಎಲ್ಲಿ ಇಟ್ಕೊಳ್ಳೋದು ಅಂತ ಗೊತ್ತಾಗಲಿಲ್ಲ.

4/4

ಜೆಟ್ ಲೆಕ್ಕ ಸುಲಭ. 8% ಜಾಸ್ತಿ ಇಂಧನ ಬೇಕು ಅಂದ್ರೆ ತೂತಿನ ಅಗಲ 4% ಜಾಸ್ತಿ ಸಾಕು, ಯಾಕಂದ್ರೆ ಹರಿಯೋದು ವಿಸ್ತೀರ್ಣದ ಲೆಕ್ಕದಲ್ಲಿ. ಹುಡುಕಿ ತಂದ ಜೆಟ್ ಸರಿಯಾಗಿ ಕೂತ್ಕೊಳ್ತು. ಡ್ರಿಲ್ ಬಿಟ್ ಹಾಕಿ ಹಳೇ ಜೆಟ್ ಅಗಲ ಮಾಡ್ಬೇಡಿ, ಒಮ್ಮೆ ಜಾಸ್ತಿ ಆದ್ರೆ ವಾಪಸ್ ಬರಲ್ಲ. ಗಟ್ಟಿಯಾಗಿದ್ದ ಪೆಟ್ರೋಲ್ ರಬ್ಬರ್ ಪೈಪುಗಳನ್ನೂ ಬದಲಾಯಿಸಿದ್ವಿ, ಹಳೇ ರಬ್ಬರ್‌ಗೂ ಎಥೆನಾಲ್‌ಗೂ ಆಗಿಬರಲ್ಲ.

ಆಮೇಲೆ ಅದೇ ರಸ್ತೆ, ಅದೇ ಏರು: 0.89. ಸುಮ್ನೆ ಹೋಗುವಾಗ 1.02. ಮೈಲೇಜ್ ಏರ್ತಾ ಅಂತ ಕೇಳ್ತೀರಾ? ಇಲ್ಲ, ಸ್ವಲ್ಪ ಇಳೀತು. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ, ಆ ಲೆಕ್ಕ ಯಾವ ಜೆಟ್ ಹಾಕಿದ್ರೂ ತೀರಲ್ಲ. ಇದರ ಮೇಲೆ ನಂಗೆ ಕೋಪ ಇದೆ. ಹಳೇ ಗಾಡಿ ಇಟ್ಕೊಂಡಿರೋರಿಗೆ ಹೆಚ್ಚಿನ ಬಂಕ್‌ಗಳಲ್ಲಿ ಬೇರೆ ಆಯ್ಕೆನೂ ಇಲ್ಲ, ರೇಟಲ್ಲಿ ರಿಯಾಯ್ತಿನೂ ಇಲ್ಲ.

ಎಮಿಷನ್ ಟೆಸ್ಟ್ ಪಾಸಾಯ್ತು. ಅಪ್ಪ ಗುಜರಿ ಮಾತು ಸದ್ಯಕ್ಕೆ ಎತ್ತಿಲ್ಲ. 2027ಕ್ಕೆ ಮತ್ತೆ ರೀ-ರಿಜಿಸ್ಟ್ರೇಷನ್ ಬರುತ್ತೆ, ಆಗ ಎತ್ತೇ ಎತ್ತುತ್ತಾರೆ.

ಸೆನ್ಸರ್ ಬಿಚ್ಚಿ ನಿನ್ನೆ ಯಶವಂತಪುರಕ್ಕೆ ವಾಪಸ್ ಕೊಟ್ಟೆ. ಕರೆಂಟ್ ಕೊಡದೆ ಅದನ್ನ ಪೈಪಲ್ಲಿ ಬಿಟ್ರೆ ಮಸಿ ಹಿಡಿದು ಹಾಳಾಗುತ್ತೆ. ಆ ತೂತಿಗೆ ಈಗ ಒಂದು ಬೋಲ್ಟ್ ಹಾಕಿದೀವಿ. ಕೊನೇ ಫೋಟೋ ಇವತ್ತು ಬೆಳಿಗ್ಗೆದು, ಘಾಟಿ ಸುಬ್ರಹ್ಮಣ್ಯದ ಪಾರ್ಕಿಂಗ್. ಕಾರ್ ಪಕ್ಕ ಅಜ್ಜಿ. ತಾತ ಫೋಟೋದಲ್ಲಿಲ್ಲ, ಬಾನೆಟ್ ಎತ್ತಿಕೊಂಡು ಪಕ್ಕದ ಗಾಡಿಯವರಿಗೆ ಜೆಟ್ ತೋರಿಸ್ತಾ ಇದ್ರು.